ತೂತಿಲ್ಲದ ಎಲೆ

ದಸರೆ ಕಳೆದ ಮೇಲೆ ನರ್ಸರಿಗೆ ಹೋಗಿ ಪೆಟೂನಿಯಾ ಸಸಿ ತರುವುದು ನನ್ನ ಅಭ್ಯಾಸ. ಈ ವರ್ಷ ಹೋಗಲಿಲ್ಲ. ಕಾರಣ ವೈರಾಗ್ಯವಲ್ಲ, ನಾಚಿಕೆ.

ಗೇಟಿನ ಪಕ್ಕ ಅಮ್ಮ ಊರಿನಿಂದ ತಂದು ನೆಟ್ಟ ಮುಳ್ಳುಗೋರಂಟೆಯಿದೆ. ನೀರು ಹಾಕಿದರೂ ಸರಿ, ಮರೆತರೂ ಸರಿ, ಮಳೆಗಾಲ ಮುಗಿದರೆ ಹಳದಿ ಹೂ ಬಿಡುತ್ತದೆ. ಕಳೆದ ವರ್ಷ ಅದರ ಎಲೆಯೆಲ್ಲ ತೂತಾಗಿದ್ದು ಕಂಡು, ಪೆಟೂನಿಯಾಕ್ಕೆ ತಂದಿದ್ದ ಔಷಧಿಯನ್ನೇ ಅದಕ್ಕೂ ಹೊಡೆದೆ. ಮರುದಿನ ಬುಡದಲ್ಲಿ ಸತ್ತುಬಿದ್ದ ಮುಳ್ಳುಮೈಯ ಕಪ್ಪು ಹುಳುಗಳನ್ನು ಗುಡಿಸುತ್ತ ಅಮ್ಮ, "ಚಿಟ್ಟೆ ಬೇಕು ಅಂತೀಯ, ಹುಳ ಬೇಡ ಅಂತೀಯ. ಅದು ಹ್ಯಾಗೋ?" ಅಂದಳು. ಲೆಮನ್ ಪ್ಯಾನ್ಸಿ ಚಿಟ್ಟೆಯ ಮರಿಗಳಿರಬೇಕು; ಅದು ಮೊಟ್ಟೆಯಿಡುವ ಗಿಡಗಳಲ್ಲಿ ಗೋರಂಟೆಯೂ ಒಂದು.

ಹೂವು ಯಾರಿಗೆ ಎಂಬ ಪ್ರಶ್ನೆ ಅಂದಿನಿಂದ ಬೆನ್ನುಬಿದ್ದಿದೆ. ನಾವು ಮೆಚ್ಚುವ ಸುತ್ತುಸುತ್ತಿನ ಹೂಗಳಲ್ಲಿ ಹಲವಕ್ಕೆ ಕೇಸರಗಳೇ ಎಸಳಾಗಿರುತ್ತವೆ. ಜೇನುನೊಣ ಬಂದರೂ ಪರಾಗ ಸಿಗುವುದು ಕಷ್ಟ. ಎಫ್-1 ಬೀಜದ ಗಿಡವಾದರೆ ಅದರ ಮಕ್ಕಳು ತಾಯಿಯಂತೆ ಹುಟ್ಟುವ ಭರವಸೆಯಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಅಂಥ ಹೂವಿಗೆ ನನ್ನ ಕಣ್ಣೊಂದೇ ನೆಂಟ. ಹೂವನ್ನು ಅಷ್ಟು ಒಂಟಿ ಮಾಡುವ ಹಕ್ಕು ನನ್ನ ಆಸೆಗೆ ಎಲ್ಲಿಂದ ಬಂತು?

ಹಾಗಂತ 'ಹೊರಗಿನದು' ಎಂದು ಗಿಡ ಕೀಳುವ ಉತ್ಸಾಹವೂ ನನಗೆ ಹಿಡಿಸದು. ಆ ಮಾತು ಗಿಡಕ್ಕೇ ನಿಲ್ಲುವುದಿಲ್ಲ, ನೋಡಿದ್ದೇವೆ. ಆಯುಧಪೂಜೆಯ ಚೆಂಡುಹೂವಿನ ಮೂಲ ಮೆಕ್ಸಿಕೋ ಕಡೆಯದು. ಸಾರಿನ ಮೆಣಸಿನಕಾಯಿಯೂ ಅಮೆರಿಕ ಖಂಡದ್ದು. ಆದರೆ ಅಲಂಕಾರಕ್ಕೆಂದು ಬಂದ ಲಂಟಾನ ಬಂಡೀಪುರದ ಕಾಡಿಗೆ ಏನು ಮಾಡಿದೆ ಎಂಬುದೂ ಕಣ್ಣೆದುರಿಗಿದೆ. (ಲಂಟಾನದ ಮೇಲೂ ಚಿಟ್ಟೆ ಕೂರುತ್ತದಲ್ಲ ಎನ್ನಬಹುದು. ಮಕರಂದಕ್ಕೆ ಎಲ್ಲಿಯ ಹೂವಾದರೂ ಆದೀತು. ಮೊಟ್ಟೆಯಿಡಲು ಮಾತ್ರ ಅದಕ್ಕೆ ಗುರುತಿನ ಎಲೆಯೇ ಬೇಕು.) ಹಾಗಾಗಿ ಗಿಡದ ಹುಟ್ಟೂರು ಕೇಳುವುದನ್ನು ಬಿಟ್ಟು, ಅದನ್ನು ನಂಬಿ ಇಲ್ಲಿ ಯಾರು ಬದುಕುತ್ತಾರೆ ಎಂದು ಕೇಳತೊಡಗಿದ್ದೇನೆ.

ಪೆಟೂನಿಯಾದ ಕುಂಡಗಳಲ್ಲಿ ಈಗ ಕೇಪಳ, ಕನಕಾಂಬರ ಇವೆ. ಕೇಪಳ ಇನ್ನೂ ಸಣ್ಣದು. ಅಂಗಳ ಬೋಳು ಬೋಳು. ಬಂದವರು "ಯಾಕೆ, ಈ ಸಲ ಹೂವೇ ಇಲ್ಲ?" ಎಂದಾಗ ಸ್ವಲ್ಪ ಚುಚ್ಚುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಗೋರಂಟೆ ಚೆನ್ನಾಗಿ ಚಿಗುರಿದೆ. ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತೇನೆ. ಎಲೆಗಳಲ್ಲಿ ಇನ್ನೂ ಒಂದೂ ತೂತಿಲ್ಲ.