ತಲೆ ಆಡಿಸೋದು ಸುಳ್ಳಾ?

ಕಿವಿ ಮಂದ ಇರುವವರ ಹತ್ತಿರ ಮಾತಾಡುವಾಗ ನೀವೂ ಗಮನಿಸಿರಬಹುದು. ನಾವು ಏನೋ ಹೇಳುತ್ತೇವೆ, ಅವರು ನಕ್ಕು ತಲೆ ಆಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ, ಒಂದಕ್ಷರವೂ ಕೇಳಿಸಿಲ್ಲ ಅಂತ. ಇದು ಸುಳ್ಳಾ? ಸುಳ್ಳಾದರೆ ಅದರ ಪಾಪ ಯಾರಿಗೆ? ಏಳನೇ ಕ್ಲಾಸು ಓದಿದ ನಾನು ಶಾಸ್ತ್ರ ನೋಡಿ ಹೇಳಲಾರೆ. ಹೊಲ, ಹಾಡು ಇವೆರಡರಲ್ಲೇ ಕೂದಲು ಬೆಳ್ಳಗಾದವನು. ಕಂಡಿದ್ದನ್ನ ಬರೀತೀನಿ.

ನಮ್ಮ ಭಜನೆ ಮೇಳದಲ್ಲಿ ತಾಳ ಹಾಕುತ್ತಿದ್ದ ಹಿರಿಯರೊಬ್ಬರಿಗೆ ಅರವತ್ತು ದಾಟಿದ ಮೇಲೆ ಎರಡೂ ಕಿವಿ ಪೂರ್ತಿ ಹೋದವು. ಕಿವಿಗೆ ಸಿಕ್ಕಿಸುವ ಮಾಮೂಲಿ ಮಿಷನ್ನಿನಿಂದ ಪ್ರಯೋಜನ ಆಗಲಿಲ್ಲ. ಮಕ್ಕಳು ಸಾಲ ಮಾಡಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದರು. ಏನದು ಅಂದರೆ, ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಗೆ ಸುತ್ತಿಕೊಂಡ ಒಂದು ಭಾಗ ಇದೆ. ಅದರೊಳಕ್ಕೆ ಸಣ್ಣ ತಂತಿ ತೂರಿಸುತ್ತಾರೆ. ಹೊರಗೆ ಕಿವಿಯ ಹಿಂದೆ ಒಂದು ಮಿಷನ್ನು, ಅದಕ್ಕೆ ಸೇರಿದ ಬಿಲ್ಲೆ ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡಿರುತ್ತದೆ. ಸದ್ದು ಕರೆಂಟಾಗಿ ನೇರ ನರಕ್ಕೆ ಹೋಗುತ್ತದೆ. ಆಸ್ಟ್ರೇಲಿಯಾದ ಡಾಕ್ಟರು ಗ್ರೇಮ್ ಕ್ಲಾರ್ಕ್ ಅನ್ನುವವರು ಆ ಸುರುಳಿಯೊಳಗೆ ತಂತಿ ತೂರಿಸೋದು ಹೆಂಗೆ ಅಂತ ತಿಳಿಯದೆ, ಸಮುದ್ರದ ದಡದಲ್ಲಿ ಸುರುಳಿ ಚಿಪ್ಪಿನೊಳಕ್ಕೆ ಹುಲ್ಲುಕಡ್ಡಿ ತೂರಿಸಿ ನೋಡಿದರಂತೆ. ಬುಡ ಗಟ್ಟಿ, ತುದಿ ಮೆತ್ತಗೆ ಇದ್ದ ಕಡ್ಡಿ ಸಲೀಸಾಗಿ ಹೋಯಿತು. 1978ರಲ್ಲಿ ಮೆಲ್ಬರ್ನಿನಲ್ಲಿ ಮೊದಲ ಸಲ ಒಬ್ಬರಿಗೆ ಹಾಕಿದರು. ಆ ಡಾಕ್ಟರ ತಂದೆಗೂ ಕಿವಿ ಮಂದವಂತೆ. ಅವರದು ಔಷಧಿ ಅಂಗಡಿ. ಗಿರಾಕಿಗಳು ಗುಟ್ಟಿನ ಕಾಯಿಲೆಯನ್ನೂ ಜನರ ಮುಂದೆ ಕೂಗಿ ಹೇಳಬೇಕಿತ್ತು.

ನಮ್ಮೂರಲ್ಲಿ "ಮಿಷನ್ನು ಹಾಕಿಸಿದಾರಲ್ಲ, ಇನ್ನೇನು" ಅಂದರು. ಕನ್ನಡಕ ಹಾಕಿದ ತಕ್ಷಣ ಕಂಡಂಗೆ ಇದು ಕೇಳಿಸೋದಿಲ್ಲ. ಚಾಲೂ ಮಾಡಿದ ದಿನ ಹೆಂಡತಿ ಮಾತೂ ಬಸ್ಸಿನ ಹಾರನ್ನೂ ಒಂದೇ ತರ ಕೀಚು ಕೀಚು ಅಂದವಂತೆ. ಒಳ್ಳೆ ಕಿವಿಯಲ್ಲಿ ಕೂದಲಿನಂಥ ಸಾವಿರಾರು ಸೂಕ್ಷ್ಮ ಎಳೆಗಳು ಮಾಡುವ ಕೆಲಸವನ್ನ ತಂತಿಯ ಮೇಲಿನ 12ರಿಂದ 22 ಬಿಂದುಗಳು ಮಾಡಬೇಕು. ಉಳಿದದ್ದನ್ನ ಮಿದುಳೇ ಕಲಿಯಬೇಕು, ತಿಂಗಳುಗಟ್ಟಲೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿಸುವವರಿದ್ದಾರೆ. ಆದರೆ ಮಡಕಶಿರದಿಂದ ಮೈಸೂರಿಗೆ ವಾರವಾರ ಹೋಗೋದು ಯಾರು, ಅದೂ ಕಡಲೇಕಾಯಿ ಕೀಳೋ ಕಾಲದಲ್ಲಿ?

ಹಿರಿಯರು ತಾವೇ ಅಭ್ಯಾಸ ಇಟ್ಟುಕೊಂಡರು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಫ್ಯಾನು ನಿಲ್ಲಿಸಿದ ಕೋಣೆಯಲ್ಲಿ. ಮೊಮ್ಮಗಳು ತನ್ನ ಕನ್ನಡ ಪಾಠಪುಸ್ತಕ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟಳು. ಮೊದಲು ಸಾಲಿನ ಮೇಲೆ ಬೆರಳಿಟ್ಟು ಕೇಳೋದು. ಆಮೇಲೆ ಪುಸ್ತಕ ಮುಚ್ಚಿ ಕೇಳೋದು, ಕೇಳಿಸಿದ್ದನ್ನ ಬರೆಯೋದು, ತೆಗೆದು ತಾಳೆ ನೋಡೋದು. ಮನೆ, ಮಣೆ. ಕಾಲು, ಕಾಳು. ಬೆಲೆ, ಬೆಳೆ. ಈ ಕೊನೆಯ ಜೋಡಿಗೆ ಎರಡು ತಿಂಗಳು ಹಿಡಿಯಿತು. "ಬೆಳೆ ಬಂದಾಗ ಬೆಲೆ ಇರಲ್ಲ, ಅದಕ್ಕೇ ಎರಡೂ ಒಟ್ಟಿಗೆ ಸಿಗವಲ್ದು" ಅಂತ ಅವರೇ ನಕ್ಕರು. ಗಡಿಯವರಿಗೆ ಇನ್ನೊಂದು ಪೇಚಿದೆ. ಮನೆಯಲ್ಲಿ ಕನ್ನಡ, ಬಸ್ಸು ಬ್ಯಾಂಕಿನಲ್ಲಿ ತೆಲುಗು. ಎರಡನ್ನೂ ಮೊದಲಿಂದ ಕಲಿಯಬೇಕು.

ನನ್ನನ್ನ ಕಾಡಿದ್ದು ಹಾಡಿನ ವಿಚಾರ. ಅವರಿಗೆ ತಾಳ ಚೆನ್ನಾಗಿ ಸಿಗುತ್ತದೆ, ರಾಗ ಸಿಗೋದಿಲ್ಲ. ಈ ಯಂತ್ರದ ಸ್ವಭಾವವೇ ಹಾಗಂತೆ. ನಾನು ಹಾಡಿದರೆ ನಡೆಯ ಮೇಲೆ ಇಂಥ ಪದ ಅಂತ ಗುರುತು ಹಿಡೀತಾರೆ, ಆಮೇಲೆ "ನಿನ್ನ ಗಂಟಲು ತಗಡು ಬಡಿದಂಗಿದೆಯಲ್ಲೋ" ಅಂತಾರೆ.

ಅವರ ನೋಟುಪುಸ್ತಕ ನೋಡಿದೀನಿ. ಕೇಳಿಸದ ಕಡೆ ಒಂದು ಗೀಟು ಎಳೆದಿರುತ್ತಾರೆ. ಮೊದಮೊದಲ ಹಾಳೆಗಳಲ್ಲಿ ಬರೀ ಗೀಟು. ಅಷ್ಟು ನಿಯತ್ತಿನ ಮನುಷ್ಯ ಹೋಟೆಲ್ಲಿನ ಬೆಂಚಿನ ಮೇಲೆ ಕೂತರೆ ತಲೆ ಆಡಿಸುತ್ತಿದ್ದರು. ಯಾಕೆ? ಪುಸ್ತಕಕ್ಕೆ ಬೇಜಾರಾಗಲ್ಲ. ಜನ ಹಂಗಲ್ಲ. ಒಂದು ಸಲ "ಏನಂದೆ?" ಅಂದರೆ ಹೇಳ್ತಾರೆ, ಎರಡನೇ ಸಲ ಕೂಗ್ತಾರೆ, ಮೂರನೇ ಸಲ "ಏನಿಲ್ಲ ಬಿಡು" ಅಂತಾರೆ. ಏನೋ ಇತ್ತಲ್ಲ! ಇಲ್ಲ ಅಂದಿದ್ದು ಯಾರು? ನನ್ನ ಲೆಕ್ಕದಲ್ಲಿ ಮೊದಲ ಸುಳ್ಳು ಅದು, ತಲೆಯಾಟ ಅದಕ್ಕೆ ಕೊಟ್ಟ ಉತ್ತರ.

ಇದನ್ನ ಹೇಳಿದಾಗ ಒಬ್ಬ ಮೇಷ್ಟ್ರು ಒಪ್ಪಲಿಲ್ಲ. ಎಲ್ಲರೂ ತಿರುಗಿ ತಿರುಗಿ ಹೇಳಿದರೆ ಅವರಿಗೆ ಅಭ್ಯಾಸ ಆಗೋದು ಹೆಂಗೆ, ಕಷ್ಟ ಪಡಲಿ ಅಂದರು. ಮಾತಿನಲ್ಲಿ ನಿಜ ಇದೆ. ಮೇಳದಲ್ಲೂ ಹಿಮ್ಮೇಳದವನಿಗೆ ಪ್ರತಿ ಸಾಲೂ ಹೇಳಿಕೊಟ್ಟರೆ ಅವನು ಕಲಿಯಲ್ಲ. ಆದರೆ ದಿನಕ್ಕೆ ಒಂದು ಗಂಟೆ ಅವರು ಕಷ್ಟ ಪಡುತ್ತಲೇ ಇದ್ದಾರೆ, ಒಬ್ಬರೇ. ಟೀ ಕುಡಿಯೋಕೆ ಬಂದವರಿಗೂ ಪರೀಕ್ಷೆ ಇಡಬೇಕಾ? ಎದುರಿಗೆ ಕೂತು, ಒಬ್ಬೊಬ್ಬರಾಗಿ, ಕೂಗದೆ ಹೇಳಬೇಕು. ಸಿಗದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಬೇಕು. ಇದಕ್ಕೆ ಸಾಲ ಮಾಡಬೇಕಾಗಿಲ್ಲ.

ಈಗ ಅವರು ತಲೆ ಆಡಿಸೋದು ಬಿಟ್ಟಿದ್ದಾರೆ. ಕೇಳಿಸದಿದ್ದರೆ ಲೋಟ ಕೆಳಗಿಟ್ಟು "ಗೀಟು" ಅಂತಾರೆ. ಒಂದಿಬ್ಬರು ಆ ಬೆಂಚು ಬಿಟ್ಟು ಬೇರೆ ಕಡೆ ಕೂರೋಕೆ ಶುರು ಮಾಡಿದಾರೆ. ಉಳಿದವರು ಇನ್ನೊಂದು ಸಲ ಹೇಳ್ತಾರೆ.