ದೇವಿಯ ರೂಪ, ಕರ್ತೃವಿನ ಹೆಸರು

ಸಮಕಾಲೀನ ಕಲಾಪ್ರದರ್ಶನದ ಕೆಟಲಾಗು, ಅಂದರೆ ಪ್ರದರ್ಶಿತ ಕೃತಿಗಳ ಛಾಯಾಚಿತ್ರಗಳನ್ನೂ ಅವುಗಳ ಕುರಿತ ಲೇಖನಗಳನ್ನೂ ಒಳಗೊಂಡ ಹೊತ್ತಗೆ, ಪ್ರತಿ ಚಿತ್ರದ ಕೆಳಗೆ ಕಲಾವಿದರ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ಇಸವಿಗಳನ್ನು ನಮೂದಿಸುತ್ತದೆ. ಕೃತಿಗೆ ಒಬ್ಬ ಕರ್ತೃ ಇದ್ದಾನೆ, ಅದು ಒಂದು ಗಳಿಗೆಯಲ್ಲಿ ಮುಗಿದಿದೆ, ಮುಗಿದ ಮೇಲೆ ಉಳಿಯಬೇಕಾದದ್ದು ಎಂಬ ಗೃಹೀತಗಳು ಈ ನಮೂದಿನೊಳಗೇ ಅಡಗಿವೆ. ಪೂಜೆಗೆಂದೋ ಮದುವೆಗೆಂದೋ ಹುಟ್ಟಿದ ರೂಪಗಳು ಇಂಥ ಪುಟದೊಳಗೆ ಬಂದಾಗ ಅವುಗಳಲ್ಲಿದ್ದ ದೈವಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ, ಜ್ಯೋತೀಂದ್ರ ಜೈನ್ ಅವರು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಮ್ಮಿನ ಪ್ರದರ್ಶನವೊಂದಕ್ಕಾಗಿ ಸಂಪಾದಿಸಿದ ‘ಅದರ್ ಮಾಸ್ಟರ್ಸ್’ (1998) ಎಂಬ ಗ್ರಂಥ ಒಳ್ಳೆಯ ಒರೆಗಲ್ಲು. ಅದರಲ್ಲಿರುವ ಐವರು ಜೀವ್ಯಾ ಸೋಮಾ ಮಶೆ, ಗಂಗಾದೇವಿ, ಸೋನಾಬಾಯಿ, ನೀಲಮಣಿ ದೇವಿ ಮತ್ತು ಜನಗಢ ಸಿಂಗ್ ಶ್ಯಾಮ್.

ಮಹಾರಾಷ್ಟ್ರದ ಡಹಾಣು ಸೀಮೆಯ ವಾರ್ಲಿ ಜನರಲ್ಲಿ ಮದುವೆಯ ಮುನ್ನ ಮುತ್ತೈದೆಯರು ಮನೆಯ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ‘ಚೌಕ್’ ಎಂಬ ಚಚ್ಚೌಕ ಮಂಡಲವನ್ನು ಬರೆದು, ಅದರ ನಡುವೆ ಫಲವಂತಿಕೆಯ ದೇವತೆಯಾದ ಪಾಲಘಾಟಳನ್ನು ನಿಲ್ಲಿಸುತ್ತಾರೆ. ಆಕೆಯಿಲ್ಲದೆ ಮದುವೆ ನಡೆಯದು, ಮದುವೆ ಕಳೆದ ಮೇಲೆ ಆ ಚಿತ್ರವನ್ನು ಕಾಪಾಡುವ ಹಂಗು ಯಾರಿಗೂ ಇಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ಬಲ್ಲವರಿಗೆ ಇದು ಹೊಸದೇನಲ್ಲ. 1970ರ ದಶಕದಲ್ಲಿ ಜೀವ್ಯಾ ಸೋಮಾ ಮಶೆ ಈ ಹೆಂಗಸರ ಬರವಣಿಗೆಯನ್ನು ತಾವು ಕೈಗೆತ್ತಿಕೊಂಡು, ಕಾಗದಕ್ಕೂ ಬಟ್ಟೆಗೂ ತಂದು, ಮದುವೆಯ ನಂಟಿಲ್ಲದೆಯೂ ಬರೆಯತೊಡಗಿದರು.

ಕಾಗದದ ಮೇಲಿನ ಪಾಲಘಾಟ ದೇವಿಯೇ, ದೇವಿಯ ಚಿತ್ರವೇ? ಪ್ರಾಣಪ್ರತಿಷ್ಠೆಯ, ಅಂದರೆ ವಿಗ್ರಹದಲ್ಲಿ ದೈವವನ್ನು ಮಂತ್ರಪೂರ್ವಕವಾಗಿ ನೆಲೆಗೊಳಿಸುವ ವಿಧಿಯ, ನೆಲೆಯಿಂದ ನೋಡಿದರೆ ಉತ್ತರ ಸುಲಭ: ವಿಧಿ ನಡೆಯದ ಕಡೆ ಉಳಿದದ್ದು ಬರಿಯ ಬಣ್ಣ. ಆದರೆ ಈ ಉತ್ತರ ನೋಡುವವನ ಅನುಭವಕ್ಕೆ ನ್ಯಾಯ ಒದಗಿಸುವುದಿಲ್ಲ. ಅಭಿನವಗುಪ್ತನು ಉಲ್ಲೇಖಿಸಿ ಖಂಡಿಸಿದ ಶಂಕುಕನೆಂಬ ಆಲಂಕಾರಿಕನ ‘ಚಿತ್ರತುರಗ ನ್ಯಾಯ’ ಇಲ್ಲಿ ಹೆಚ್ಚು ನೆರವಾಗುತ್ತದೆ. ಚಿತ್ರದ ಕುದುರೆಯನ್ನು ಕಂಡಾಗ ಉಂಟಾಗುವ ‘ಇದು ಕುದುರೆ’ ಎಂಬ ಅರಿವು ನಿಜಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಬರಿಯ ಸಾದೃಶ್ಯಜ್ಞಾನವೂ ಅಲ್ಲ. ಅದೊಂದು ಬೇರೆಯೇ ಜಾತಿಯ ಅರಿವು ಎಂಬುದು ಶಂಕುಕನ ವಾದ. ನಟನಲ್ಲಿ ರಾಮನನ್ನು ಕಾಣುವ ಬಗೆಯನ್ನು ವಿವರಿಸಲು ಹೊರಟ ಈ ದೃಷ್ಟಾಂತವನ್ನು ಕೆಟಲಾಗಿನ ಪುಟಕ್ಕೆ ಅನ್ವಯಿಸಿದರೆ, ಅಲ್ಲಿನ ಪಾಲಘಾಟಳನ್ನು ಪೂಜಿಸದೆಯೂ ಅಲ್ಲಗಳೆಯದೆಯೂ ಕಾಣಲು ಎಡೆಯಿದೆಯೆಂದಾಗುತ್ತದೆ. ತೊಡಕು ಒಂದೇ: ಕುದುರೆಗೆ ಚಿತ್ರದ ಹೊರಗೆ ಲಾಯದಲ್ಲೊಂದು ಇರವುಂಟು, ಪಾಲಘಾಟಳಿಗಾದರೋ ಚೌಕಿನ ಆಚೆ ಕಣ್ಣಿಗೆ ಬೀಳುವ ಬೇರೆ ಇರವಿಲ್ಲ.

ಹೆಸರಿನ ವಿಚಾರದಲ್ಲಿ ಕೆಟಲಾಗನ್ನು ದೂರುವ ವಾಡಿಕೆಯಿದೆ. 1917ರಿಂದ ಬಾಸ್ಟನ್ ಮ್ಯೂಸಿಯಮ್ಮಿನ ಭಾರತೀಯ ಸಂಗ್ರಹವನ್ನು ನೋಡಿಕೊಂಡ ಆನಂದ ಕುಮಾರಸ್ವಾಮಿಯವರು ಸಾಂಪ್ರದಾಯಿಕ ಕಲೆಗಾರ ಅನಾಮಿಕನೆಂದೂ, ಆ ಅನಾಮಿಕತೆ ಅಹಂಕಾರದ ವಿಸರ್ಜನೆಯೆಂದೂ ಪ್ರತಿಪಾದಿಸಿದರು. ಮಾತು ಉದಾತ್ತವಾಗಿದೆ, ಆದರೆ ಪುರಾವೆ ಅದರ ಬೆನ್ನಿಗೆ ಪೂರ್ತಿಯಾಗಿ ನಿಲ್ಲುವುದಿಲ್ಲ. ಬೇಲೂರಿನ ಮದನಿಕೆಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಹೆಸರನ್ನು ಕೊರೆದೇ ಹೋಗಿದ್ದಾರೆ, ಮತ್ತು ಅದರಿಂದ ಆ ದೇಗುಲಗಳ ದೈವಿಕತೆಗೆ ಕುಂದು ಬಂದಿತೆಂದು ಯಾರೂ ಹೇಳಿಲ್ಲ. ಇತ್ತ ವಚನಕಾರರು ಹೆಸರಿರಬೇಕಾದ ಎಡೆಯಲ್ಲಿ ಇಷ್ಟದೈವದ ಅಂಕಿತವನ್ನಿಟ್ಟರೂ ಯಾವ ವಚನ ಯಾರದೆಂಬುದು ಆ ಅಂಕಿತದಿಂದಲೇ ತಿಳಿಯುತ್ತದೆ. ವಾರ್ಲಿ, ಗೊಂಡ, ಮಿಥಿಲೆಯ ಕಲೆಗಾರರ ಅನಾಮಿಕತೆಯಲ್ಲಿ ಸಂಗ್ರಾಹಕರು ಕೇಳದೆ ಬಿಟ್ಟದ್ದರ ಪಾಲು ಸಣ್ಣದಲ್ಲ. ಐವರ ಹೆಸರನ್ನೂ ಬದುಕನ್ನೂ ವಿಸ್ತಾರವಾಗಿ ದಾಖಲಿಸಿದ ಜೈನ್ ಅವರ ಗ್ರಂಥ ಆ ಉಪೇಕ್ಷೆಯನ್ನು ತಿದ್ದಿತು.

ಹಾಗಾಗಿ ಕೆಟಲಾಗಿಗೂ ಆಚರಣೆಗೂ ನಡುವಿನ ನಿಜವಾದ ಬಿರುಕು ಕಾಲದ್ದು. ಮಿಥಿಲೆಯಲ್ಲಿ ನವದಂಪತಿಗಳ ಕೋಣೆಯ ಗೋಡೆಗೆ ಕಮಲ, ಬಿದಿರುಗಳ ‘ಕೊಹಬರ್’ ಚಿತ್ರ ಬರೆಯುವುದು ಆ ಜೋಡಿಯ ಸಲುವಾಗಿ. ಇಂಥ ಕೊಹಬರ್ ಕೋಣೆಯೊಂದನ್ನು ಗಂಗಾದೇವಿ ತಮ್ಮ ಕೊನೆಯ ವರ್ಷಗಳಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ನಡುವೆಯೇ, ಕ್ರಾಫ್ಟ್ಸ್ ಮ್ಯೂಸಿಯಮ್ಮಿನಲ್ಲಿ ವಧೂವರರಿಲ್ಲದೆ ಬರೆದರು. 1991ರಲ್ಲಿ ಅವರು ತೀರಿಕೊಂಡರು. ಉಳಿಯಲೆಂದೇ ಬರೆದ ಆ ಗೋಡೆಗಳು 2015ರ ಹೊತ್ತಿಗೆ ಮ್ಯೂಸಿಯಮ್ಮಿನ ನವೀಕರಣದಲ್ಲಿ ಅಳಿದು, ಛಾಯಾಚಿತ್ರಗಳಷ್ಟೇ ಉಳಿದವು. ಹಳ್ಳಿಯಲ್ಲೂ ಕೊಹಬರ್ ಅಳಿಯುತ್ತದಲ್ಲ, ಇದಕ್ಕೇಕೆ ದುಃಖ ಎಂದು ಕೇಳುವವರುಂಟು. ಪೂಜೆಯ ಕೊನೆಗೆ ದೈವವನ್ನು ಬೀಳ್ಕೊಡುವ ವಿಸರ್ಜನೆಗೆ ಸಂಕಲ್ಪ ಬೇಕು, ಆವಾಹಿಸಿದವರ ಅನುಮತಿ ಬೇಕು. ಹಳ್ಳಿಯ ಗೋಡೆಯನ್ನು ಮತ್ತೆ ಸಾರಿಸುವುದು ಅದನ್ನು ಬರೆದ ಮನೆತನದ್ದೇ ಕೈ, ಮತ್ತು ಮುಂದಿನ ಮದುವೆಗೆ ಅಲ್ಲಿ ಇನ್ನೊಂದು ಕೊಹಬರ್ ಮೂಡುತ್ತದೆ. ದೆಹಲಿಯ ಗೋಡೆಯ ವಿಷಯದಲ್ಲಿ ಈ ಎರಡೂ ಇರಲಿಲ್ಲ.