ನಕ್ಷತ್ರವರ್ಗಗಳೂ ವರ್ಗೀಕರಣದ ಸತ್ಯವೂ

ವರ್ಗೀಕರಣವೆಂಬುದೆಲ್ಲ ಮನುಷ್ಯನ ಅನುಕೂಲಕ್ಕಾಗಿ ಹುಟ್ಟಿದ ಕಲ್ಪನೆ, ಪ್ರಕೃತಿಯಲ್ಲಿ ಗೆರೆಗಳಿಲ್ಲ ಎಂಬ ಮಾತು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಪದೇ ಪದೇ ಕೇಳಿಬರುತ್ತಿದೆ. ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸಿದ ಅನ್ಯಾಯವನ್ನು ಖಂಡಿಸುವುದಕ್ಕಾಗಿ ಹಾಗೆನ್ನುವವರ ಉದ್ದೇಶ ಗೌರವಾರ್ಹವಾದುದೇ. ಆದರೆ ಎಲ್ಲ ವಿಂಗಡಣೆಗಳೂ ಸಮಾನವಾಗಿ ಕಲ್ಪಿತವೆಂದಾದರೆ, ಅನ್ಯಾಯದ ವಿಂಗಡಣೆಯನ್ನು ಸುಳ್ಳೆಂದು ಸಾರುವ ಅಧಿಕಾರವೂ ನಮ್ಮ ಕೈತಪ್ಪಿಹೋಗುತ್ತದೆ.

ವರ್ಗಗಳೆಲ್ಲ ಕಲ್ಪಿತವೆಂಬ ಈ ವಾದಕ್ಕೆ ಘನತೆಯನ್ನು ತಂದುಕೊಟ್ಟವನು 17ನೆಯ ಶತಮಾನದ ತತ್ತ್ವಜ್ಞ ಜಾನ್ ಲಾಕ್ ಮಹಾಶಯನು. ವಸ್ತುಗಳ ಅಂತಸ್ಸ್ವರೂಪ ನಮಗೆ ಅಗೋಚರವಾದುದರಿಂದ ಕಂಡ ಲಕ್ಷಣಗಳನ್ನು ಒಟ್ಟುಗೂಡಿಸಿ ಹೆಸರಿಡುತ್ತೇವೆ, ಆದಕಾರಣ ವರ್ಗಗಳು ಬುದ್ಧಿಯ ರಚನೆಗಳು ಎಂಬುದು ಅವನ ನಿಲುವು. ಲಕ್ಷಣದಿಂದ ಹೊರಟು ಕಾರಣವನ್ನು ಮುಟ್ಟಲಾಗದೆಂಬ ಈ ನಿರಾಶೆ ನನಗೆ ಒಪ್ಪಿಗೆಯಾಗದು. ನಕ್ಷತ್ರಗಳನ್ನು ವರ್ಗೀಕರಿಸಿದ ಕಥೆಯೇ ಇದಕ್ಕೆ ಉತ್ತರ.

ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಮಿನಾ ಫ್ಲೆಮಿಂಗ್ ಎಂಬ ವಿದುಷಿ, ಗಾಜಿನ ಫಲಕಗಳ ಮೇಲೆ ಮೂಡಿದ್ದ ನಕ್ಷತ್ರರೋಹಿತಗಳನ್ನು, ಮುಖ್ಯವಾಗಿ ಜಲಜನಕದ ಕಪ್ಪುರೇಖೆಗಳ ಗಾಢತೆಯನ್ನನುಸರಿಸಿ, ಎ, ಬಿ, ಸಿ ಎಂದು ಅಕ್ಷರಕ್ರಮದಲ್ಲಿ ಜೋಡಿಸಿದರು. 1890ರಲ್ಲಿ ಅದು ಪ್ರಕಟವಾಯಿತು. ಇದು ಲಾಕನು ಹೇಳಿದ ಬಗೆಯ ವಿಂಗಡಣೆಯೇ ಸರಿ. ಆದರೆ 1901ರಲ್ಲಿ ಆನೀ ಜಂಪ್ ಕ್ಯಾನನ್ ಅವರು, ಜಲಜನಕವೊಂದನ್ನೇ ನೆಚ್ಚದೆ, ಎಲ್ಲ ರೇಖೆಗಳೂ ಒಂದು ವರ್ಗದಿಂದ ಮತ್ತೊಂದಕ್ಕೆ ಎಡೆಬಿಡದೆ ಸಾಗುವಂತೆ ಅದನ್ನು ಪುನಃ ಕೂಡಿಸಿದಾಗ ಅಕ್ಷರಗಳ ಅನುಕ್ರಮ ಮುರಿಯಿತು: ಓ, ಬಿ, ಎ, ಎಫ್, ಜಿ, ಕೆ, ಎಂ.

ಈ ಕ್ರಮವೇ ಏಕೆ? ಮೇಘನಾದ ಸಾಹಾ ಅವರು 1920ರಲ್ಲಿ ಕೊಟ್ಟ ಅಯಾನೀಕರಣ ಸೂತ್ರವೂ, ಅದನ್ನಾಧರಿಸಿ 1925ರಲ್ಲಿ ಸಿಸಿಲಿಯಾ ಪೇನ್ ಅವರು ಬರೆದ ಪ್ರಬಂಧವೂ ಇದಕ್ಕೆ ಉತ್ತರವಿತ್ತವು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಜಲಜನಕದ ರೇಖೆ ಮೂಡಬೇಕಾದರೆ ಅದರ ಎಲೆಕ್ಟ್ರಾನು ಮೊದಲೇ ಎರಡನೆಯ ಶಕ್ತಿಮಟ್ಟವನ್ನು ಏರಿರಬೇಕು. ತಾಪ ಕಡಿಮೆಯಿರುವ ನಕ್ಷತ್ರದಲ್ಲಿ ಎಲೆಕ್ಟ್ರಾನುಗಳು ಬಹುಮಟ್ಟಿಗೆ ತಳದಲ್ಲಿಯೇ ಉಳಿಯುತ್ತವೆ. ಅತಿ ತಾಪದಲ್ಲಿ ಪರಮಾಣುವನ್ನೇ ತೊರೆದುಹೋಗುತ್ತವೆ. ಸುಮಾರು 10,000 ಡಿಗ್ರಿಯ ಆಸುಪಾಸಿನಲ್ಲಿ, ಎಂದರೆ ಲುಬ್ಧಕದಂತಹ ‘ಎ’ ವರ್ಗದ ನಕ್ಷತ್ರಗಳಲ್ಲಿ, ರೇಖೆ ಅತ್ಯಂತ ಗಾಢವಾಗುತ್ತದೆ. ರೇಖೆ ಕ್ಷೀಣವೆಂದಮಾತ್ರಕ್ಕೆ ಜಲಜನಕ ಅಲ್ಪವೆಂದಲ್ಲ. ‘ಓ’ದಲ್ಲಿಯೂ ‘ಎಂ’ನಲ್ಲಿಯೂ ಅದೇ ಪ್ರಧಾನ ದ್ರವ್ಯ. ಹಳೆಯ ಅಕ್ಷರಕ್ರಮದಲ್ಲಿ ರೇಖೆಯ ಕ್ಷೀಣತೆಯೆಂಬ ಒಂದೇ ಲಕ್ಷಣ ಪರಸ್ಪರ ವಿರುದ್ಧವಾದ ಎರಡು ಕಾರಣಗಳಿಂದ ಹುಟ್ಟಿ, 30,000 ಡಿಗ್ರಿಗೂ ಮೀರಿದ ನಕ್ಷತ್ರವನ್ನು 3,000 ಡಿಗ್ರಿಯದರ ನೆರೆಗೆ ತಂದಿರಿಸಿತ್ತು. ಕ್ಯಾನನ್ ಅವರ ಸಾಲಾದರೋ, ಕಾರಣ ಪೂರ್ಣವಾಗಿ ತಿಳಿಯುವುದಕ್ಕೆ ಮುಂಚೆಯೇ, ಉಷ್ಣತೆಯ ಇಳಿತವನ್ನು ಅನುಸರಿಸಿತ್ತು. ಬರಿಯ ಬುದ್ಧಿಕಲ್ಪಿತವಾದ ಸಾಲಿಗೆ ಈ ಭಾಗ್ಯ ಹೇಗೆ ಒದಗೀತು?

ನಕ್ಷತ್ರವನ್ನು ಗುರುತಿಸಲು ಉಷ್ಣತೆಯೊಂದೇ ಸಾಲದು. ಆರ್ದ್ರಾ ನಕ್ಷತ್ರವೂ ಬಾರ್ನಾರ್ಡ್ ನಕ್ಷತ್ರವೂ ‘ಎಂ’ ವರ್ಗದವೇ. ಮೊದಲನೆಯದರ ವ್ಯಾಸ ಸೂರ್ಯನದರ ನೂರಾರು ಪಟ್ಟು, ಎರಡನೆಯದು ಸುಮಾರು ಐದನೆಯ ಒಂದು ಪಾಲು. ಉಬ್ಬಿದ ದೈತ್ಯನಕ್ಷತ್ರದ ಹೊರಪದರದಲ್ಲಿ ಒತ್ತಡ ಕಡಿಮೆಯಾದ್ದರಿಂದ ಅದರ ರೇಖೆಗಳು ಸಪೂರವಾಗಿರುತ್ತವೆ. ಹರ್ಟ್ಸ್‌ಸ್ಪ್ರಂಗ್, ರಸೆಲ್ ಎಂಬ ಖಗೋಳವಿಜ್ಞಾನಿಗಳು ಪ್ರಭೆಯನ್ನು ಉಷ್ಣತೆಯೊಡನೆ ಇಟ್ಟು ನೋಡಿದರು; 1943ರಲ್ಲಿ ಮಾರ್ಗನ್, ಕೀನನ್ ಇವರು ರೋಮನ್ ಅಂಕಿಗಳಿಂದ ಪ್ರಭಾವರ್ಗಗಳನ್ನು ಸೂಚಿಸಿದರು. ಸೂರ್ಯನು ಜಿ2, ಐದನೆಯ ಪ್ರಭಾವರ್ಗ.

ಜಿ ಮುಗಿದು ಕೆ ತೊಡಗುವ ಸುಮಾರು 5,200 ಡಿಗ್ರಿಯ ಗೆರೆಯನ್ನು ನಾವೇ ಎಳೆದುದೆಂದು ಎದುರುವಾದಿ ಹೇಳಿಯಾನು. ಒಪ್ಪಿದೆ, ಗೆರೆ ನಮ್ಮದು, ಗೆರೆಯ ಎರಡು ಬದಿಗಳಲ್ಲಿರುವ ಏರಿಳಿತ ನಮ್ಮದಲ್ಲ. ನ್ಯಾಯದರ್ಶನದ ನೈಯಾಯಿಕರು ‘ಸಾಮಾನ್ಯ’ವನ್ನು, ಎಂದರೆ ಒಂದು ವರ್ಗದ ವಸ್ತುಗಳಿಗೆಲ್ಲ ಸಮಾನವಾದ ಧರ್ಮವನ್ನು, ವಸ್ತುಗತವೆಂದು ಹಟಹಿಡಿದು ವಾದಿಸಿದುದರಲ್ಲಿ ನನಗೆ ಕಾಣುವ ಸಾರ ಇದೇ. ಹಾಗೆಂದು ವರ್ಗವು ಹುಟ್ಟಿನೊಡನೆ ಅಂಟಿದ ಮುದ್ರೆಯೂ ಅಲ್ಲ. ನಕ್ಷತ್ರದ ಬಾಳನ್ನು ಮುಖ್ಯವಾಗಿ ನಿರ್ಣಯಿಸುವುದು ಅದರ ದ್ರವ್ಯರಾಶಿ: ಹೆಚ್ಚು ದ್ರವ್ಯವುಳ್ಳದ್ದು ಉಜ್ಜ್ವಲವಾಗಿ ಉರಿದು ಬೇಗನೆ ಮುಗಿಯುತ್ತದೆ, ಕಡಿಮೆಯುಳ್ಳದ್ದು ಮಂದವಾಗಿ ದೀರ್ಘಕಾಲ ಬಾಳುತ್ತದೆ. ಇನ್ನು ಸುಮಾರು 500 ಕೋಟಿ ವರ್ಷಗಳ ಮೇಲೆ ಸೂರ್ಯನು ಉಬ್ಬಿ, ಹೊರಮೈಯಲ್ಲಿ ತಣಿದು, ಜಿ ವರ್ಗವನ್ನು ಬಿಟ್ಟು ಕೆಂಪುದೈತ್ಯನಾಗುವನು, ಮುಂದೆ ಶ್ವೇತಕುಬ್ಜನಾಗುವನು. ಮುಖ್ಯವಾಗಿ ಇಂದಿನ ದ್ರವ್ಯರಾಶಿಯಿಂದ ಇದನ್ನು ಗಣಿಸಿ ಹೇಳಲು ಸಾಧ್ಯವಾಗಿದೆ.